ಮೂರು ಆಂಟೆನಾ, ಒಂದೇ ವರದಿ

ಭಾನುವಾರ ಬೆಳಿಗ್ಗೆ ಪದ್ಮಿನಿ ಊಟದ ಮೇಜಿನ ತುಂಬ ಆಂಟೆನಾ ಹರಡಿಕೊಂಡು ಕೂತಿದ್ದಳು. ಒಂದು ಹೆಬ್ಬೆರಳಿಗಿಂತ ಒಂಚೂರು ಉದ್ದ. ಇನ್ನೊಂದು ಗೇಣುದ್ದ. ಮತ್ತೊಂದು ಮೊಳದುದ್ದ, ಬುಡದಲ್ಲಿ ಮಡಚಿ ಮಲಗಿಸುವಂಥದ್ದು. ಮೂರೂ ಕಾರಿನ ನೆತ್ತಿಗೆ ಕೂರಿಸುವ ರೇಡಿಯೋ ಆಂಟೆನಾಗಳು, ಎರಡೆರಡು ಬ್ಯಾಂಡಿನಲ್ಲಿ, ಅಂದರೆ ತರಂಗಪಟ್ಟಿಯಲ್ಲಿ, ಮಾತು ಒಯ್ಯುತ್ತವೆ. ಇದಕ್ಕಿಂತ ಎತ್ತರದ್ದು ಹಾಕೋಣವೆಂದರೆ ಬಾಲಿಗಂಜ್‌ನ ಅವಳ ಅಪಾರ್ಟ್‌ಮೆಂಟಿನ ಗ್ಯಾರೇಜಿನಲ್ಲಿ ತೊಲೆಗೂ ಕಾರಿನ ನೆತ್ತಿಗೂ ನಡುವೆ ಇರುವ ಜಾಗವೇ ಅಷ್ಟು. ಕಟ್ಟಿದ ಪುಣ್ಯಾತ್ಮ ಕಾರನ್ನು ಜನ್ಮದಲ್ಲಿ ನೋಡಿರಲಿಲ್ಲವೋ ಏನೋ.

"ಅಮ್ಮಾ, ಫಿರ್ ಸೇ? ಸಂಡೇ ಆದ್ರೂ ನಾರ್ಮಲ್ ಆಗಿ ಇರು ನಾ," ಎಂದಳು ಮಗಳು ಪ್ರಕೃತಿ, ತಟ್ಟೆ ಇಡಲು ಜಾಗ ಹುಡುಕುತ್ತ.

"ನಾಳೆ ಮುಂಜಾನೆ ಹೊಂಟೀವಿ. ತಟ್ಟೀನ ಕೈಯಾಗ ಹಿಡ್ಕೊಂಡು ತಿನ್ನು."

ಧಾರವಾಡದಿಂದ ಈ ಬಂಗಾಳಿಗಳ ಊರಿಗೆ ಬಂದ ಪದ್ಮಿನಿ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಇಂಜಿನಿಯರ್, ಬಿಡುವಿನಲ್ಲಿ ಹವ್ಯಾಸಿ ರೇಡಿಯೋದವಳು. ಚಂಡಮಾರುತ ಬಂದು ಫೋನುಗಳೆಲ್ಲ ಸತ್ತಾಗ ಇವರ ಕ್ಲಬ್ಬಿನ ಕಾರುಗಳು ಕರಾವಳಿಯ ಹಳ್ಳಿಗಳಿಗೆ ಹೋಗಿ ನಿಲ್ಲುತ್ತವೆ, ಬೇಕಾದ ಸಹಾಯವನ್ನು ರೇಡಿಯೋದಲ್ಲಿ ಕೇಳುತ್ತವೆ. ಈಗ ಮತ್ತೆ ಕೊಲ್ಲಿಯಲ್ಲಿ ವಾಯುಭಾರ ಕುಸಿದಿತ್ತು.

ಕಳೆದ ವರ್ಷ ಅವಳ ಕಾರಿನ ಮೇಲಿದ್ದದ್ದು ಆ ಹೆಬ್ಬೆರಳಿನದೇ. ಹಳ್ಳಿಯೊಂದರ ನದಿ ಏರಿಯ ಮೇಲೆ ಕಾರು ನಿಲ್ಲಿಸಿ, ಕಾಲು ಜಜ್ಜಿಹೋದ ಒಬ್ಬ ಮೀನುಗಾರನಿಗಾಗಿ ದೋಣಿ ಕಳಿಸಿ ಎಂದು ನಾಲ್ಕು ಗಂಟೆ ಕೂಗಿದ್ದಳು. ನಿಯಂತ್ರಣ ಕೇಂದ್ರದಿಂದ ಒಂದೂ ಉತ್ತರವಿಲ್ಲ. ಕೊನೆಗೆ ಹಳ್ಳಿಯವರೇ ಹೊಂದಿಸಿದ ದೋಣಿ ಬರುವ ಹೊತ್ತಿಗೆ ತಡವಾಗಿ, ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ಗಿಡ್ಡ ಆಂಟೆನಾ ಕೆಳಗಿನ ಬ್ಯಾಂಡಿನಲ್ಲಿ ಕುಂಟುತ್ತದೆ, ಅದಕ್ಕೇ ಹೀಗಾಯಿತು ಎಂದು ಕ್ಲಬ್ಬಿನವರೆಲ್ಲ ಹೇಳಿದರು. ಅಂದಿನಿಂದ ಪದ್ಮಿನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ತನ್ನ ಗ್ಯಾರೇಜಿನ ಅನುಕೂಲಕ್ಕೆ ತಾನು ಒಬ್ಬನ ಕಾಲು ಕಳೆದೆ ಎಂಬುದು ಅವಳನ್ನು ತಿನ್ನುತ್ತಿತ್ತು.

ಇವತ್ತು ಪರೀಕ್ಷೆ. ಬೆಹಾಲಾದ ಮನೆಯಲ್ಲಿ ರಾಜಗೋಪಾಲರು ರೇಡಿಯೋ ಮುಂದೆ ಕೂತಿರುತ್ತಾರೆ. ಎಪ್ಪತ್ತು ದಾಟಿದ ಮೈಸೂರಿನವರು, ಪದ್ಮಿನಿಗೆ ರೇಡಿಯೋ ಕಲಿಸಿದ ಗುರು. ನಿಯಂತ್ರಣ ಕೇಂದ್ರದ ಕುರ್ಚಿ ಕಳೆದ ವರ್ಷವೂ ಅವರದೇ, ನಾಳೆಯೂ ಅವರದೇ. ಅರ್ಧ ಗಂಟೆಗೊಮ್ಮೆ ಇವಳು ಒಂದೊಂದು ಆಂಟೆನಾದಿಂದ ಮಾತಾಡಬೇಕು, ಅವರು ಎಷ್ಟು ಚೆನ್ನಾಗಿ ಕೇಳಿಸಿತೆಂದು ಹಾಳೆಯಲ್ಲಿ ಬರೆದು ಕೊನೆಗೆ ಫೋಟೋ ಕಳಿಸಬೇಕು.

ಹತ್ತೂವರೆಗೆ ಬಾಲಿಗಂಜ್‌ನಲ್ಲೇ ಹೆಬ್ಬೆರಳಿನದು. ಹನ್ನೊಂದಕ್ಕೆ ಸರೋವರದ ಪಕ್ಕ ಗೇಣುದ್ದದ್ದು. ಹನ್ನೊಂದೂವರೆಗೆ ಟಾಲಿಗಂಜ್‌ನಲ್ಲಿ ಮೊಳದುದ್ದದ್ದನ್ನು ಕೂರಿಸೋಣವೆಂದು ಕಾರು ಬದಿಗೆ ತಂದರೆ ಪೊಲೀಸಿನವನು ಲಾಠಿಯಲ್ಲಿ ಬಾನೆಟ್ ತಟ್ಟಿ ಮುಂದೆ ಅಟ್ಟಿದ. ಮೆಟ್ರೋ ನಿಲ್ದಾಣದ ಬಳಿ ಬಸ್ಸುಗಳ ನಡುವೆ ಸಿಕ್ಕಿಬಿದ್ದು, ಬೆವರುತ್ತ, ಹಾರ್ನಿನವರನ್ನೆಲ್ಲ ಬೈಯುತ್ತ ಆ ಸರದಿಯನ್ನು ಕಳೆದುಕೊಂಡಳು. ಹನ್ನೆರಡಕ್ಕೆ ಅದರಿಂದ ಮಾತಾಡಿದಳು. ಆಮೇಲೆ ಫೋಟೋ ಬಂತು.

ಹತ್ತೂವರೆ, ಐದು-ಒಂಬತ್ತು. ಹನ್ನೊಂದು, ಐದು-ಒಂಬತ್ತು. ಹನ್ನೊಂದೂವರೆ, ಐದು-ಒಂಬತ್ತು. ಹನ್ನೆರಡು, ಐದು-ಒಂಬತ್ತು.

ಐದು-ಒಂಬತ್ತು ಎಂದರೆ ಮಾತು ಸ್ಪಷ್ಟ, ಬಲ ಭರ್ತಿ. ಇದಕ್ಕಿಂತ ಒಳ್ಳೆಯ ವರದಿ ರೇಡಿಯೋದಲ್ಲಿಲ್ಲ. ಮನೆಗೆ ಬಂದವರಿಗೆ ಕಾಫಿ ಕೊಡುವ ಹಾಗೆ ಈ ಜನ ಅದನ್ನು ಎಲ್ಲರಿಗೂ ಕೊಡುತ್ತಾರೆ, ಅದು ಅವರ ಮರ್ಯಾದೆ. ಆದರೆ ಹನ್ನೊಂದೂವರೆಗೆ ಇವಳು ಬಾಯಿಯೇ ಬಿಟ್ಟಿರಲಿಲ್ಲ! ಪದ್ಮಿನಿಗೆ ಮೈಯೆಲ್ಲ ಉರಿಯಿತು. ಮರ್ಯಾದೆ ಮಾಡಲು ಬೇರೆ ದಿನ ಸಿಗಲಿಲ್ಲವೇ ಈ ಮನುಷ್ಯನಿಗೆ? ಕಾರನ್ನು ಬೆಹಾಲಾದ ಕಡೆಗೆ ತಿರುಗಿಸಿದಳು.

ಮೂರು ಸಲ ಬೆಲ್ ಒತ್ತಿದರೂ ಬಾಗಿಲು ತೆರೆಯಲಿಲ್ಲ. ಚಿಲಕ ಹಾಕಿರಲಿಲ್ಲ, ತಳ್ಳಿ ಒಳಗೆ ಕಾಲಿಟ್ಟಳು. ಒಳಗೆ ರೇಡಿಯೋ ಬೀದಿಗೆ ಕೇಳಿಸುವಷ್ಟು ಜೋರಾಗಿ ಅರಚುತ್ತಿತ್ತು; ಕ್ಲಬ್ಬಿನ ಕಾರ್ಯದರ್ಶಿ ಋಷಿಕೇಶ್ ರಾಜಗೋಪಾಲರ ಹೆಸರು ಹಿಡಿದು ಕರೆಯುತ್ತಿದ್ದ, ನಾಳೆಗೆ ಎಷ್ಟು ಬ್ಯಾಟರಿ ಬೇಕೆಂದು ಹಿಂದಿಯಲ್ಲಿ ಕೇಳುತ್ತಿದ್ದ. ಅವರು ಅದಕ್ಕೆ ಬೆನ್ನು ಹಾಕಿ ನೆಮ್ಮದಿಯಾಗಿ ಹುರುಳಿಕಾಯಿ ಬಿಡಿಸುತ್ತಿದ್ದರು. ತುಸು ಹೊತ್ತಿಗೆ ತಿರುಗಿದವರು ರೇಡಿಯೋದಲ್ಲಿ ಬರುವ ಸಂಕೇತದ ಬಲ ತೋರಿಸುವ ಮುಳ್ಳು ಅಲ್ಲಾಡುವುದನ್ನು ನೋಡಿ, ಗಡಬಡಿಸಿ ಎದ್ದು ಮೈಕು ಹಿಡಿದು, "ಐದು-ಒಂಬತ್ತು, ಸ್ಪಷ್ಟವಾಗಿ ಕೇಳುತ್ತಿದೆ" ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಬ್ಯಾಟರಿ ಎಷ್ಟೆಂದು ಕೇಳಿದವನಿಗೆ ಇದು ಉತ್ತರ. ಬೈಯಲು ಬಂದಿದ್ದ ಪದ್ಮಿನಿ ಬಾಗಿಲು ಮುಚ್ಚಿ ಅವರ ಕಣ್ಣಿಗೆ ಬೀಳುವಂತೆ ಮುಂದೆ ಬಂದಳು.

"ಯಾವಾಗ ಬಂದೆಯಮ್ಮ? ಇರು, ಕಾಫಿ ಮಾಡ್ತೀನಿ."

ಅವಳು ಅವರೆದುರು ನಿಂತು, ಫೋಟೋದಲ್ಲಿ ಆ ಮೂರನೆಯ ಸಾಲನ್ನು ತೋರಿಸಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಈ ಹೊತ್ತಿಗೆ ನಾ ಮಾತಾಡೇ ಇಲ್ಲರೀ ಸರ್."

ಅವರು ಅವಳ ತುಟಿಯನ್ನೇ ನೋಡಿದರು. ಕುರ್ಚಿ ಎಳೆದು ಕೂತರು.

"ಆಗ ಕುಕ್ಕರ್ ಕೂಗಿತೋ ಇಲ್ಲವೋ ನೋಡೋಕೆ ಅಡುಗೆಮನೆಗೆ ಹೋಗಿದ್ದೆ. ಆವಿ ನೋಡೇ ತಿಳ್ಕೋಬೇಕು ನಾನು. ನೀನು ಮಾತಾಡಿರ್ತೀಯ ಅಂತ ಬಂದು ಬರೆದುಬಿಟ್ಟೆ."

"ಹೋದ ವರ್ಷ?"

"ಆಗ ಬಲಗಿವಿ ಸ್ವಲ್ಪ ಇತ್ತು. ಆವತ್ತಿನ ಗಾಳಿ ಸದ್ದಲ್ಲಿ ಅದೂ ಕೈಕೊಡ್ತು." ಹುರುಳಿಕಾಯಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಹೇಳಿದರು, "ಮುಳ್ಳು ಅಲ್ಲಾಡ್ತಿತ್ತು ಪದ್ಮಿನಿ. ನಾಲ್ಕು ಗಂಟೆನೂ ಅಲ್ಲಾಡ್ತಾನೇ ಇತ್ತು. ನೀನೇ ಅಂತ ಗೊತ್ತಿತ್ತು. ಏನು ಹೇಳ್ತಿದೀಯ ಅಂತ ಗೊತ್ತಾಗಲಿಲ್ಲ. ಕೇಂದ್ರದಲ್ಲಿ ಪಕ್ಕದ ಕೋಣೆಯವರನ್ನ ಕರೆಯೋಕೆ ನಾಚಿಕೆ ಆಯ್ತು."

"ತಪ್ಪು ಗಿಡ್ಡ ಆಂಟೆನಾದ್ದು ಅಂತ ಮೊದಲು ಹೇಳಿದವ್ರು ಯಾರು?"

"ನಾನೇ."

ಒಂದು ವರ್ಷ ಅವಳು ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ಈ ಮುದುಕನ ಕೊರಳಪಟ್ಟಿ ಹಿಡಿದು ಅಲ್ಲಾಡಿಸಬೇಕೆನಿಸಿತು. ಅದೇ ಗಳಿಗೆಯಲ್ಲಿ ಅವರ ಮಡಿಲ ಮೇಲೆ ಸುಮ್ಮನೆ ಬಿದ್ದಿದ್ದ ಕೈ ಕಂಡು ಅಳುವೂ ಬಂತು. ಯಾವುದನ್ನೂ ಮಾಡಲಿಲ್ಲ. ಮೇಜಿನ ಮೇಲಿದ್ದ ಅವರ ಫೋನನ್ನು ಎತ್ತಿ ಕೈಗಿಟ್ಟಳು.

"ಋಷಿಕೇಶ್‌ಗ ಹೇಳ್ರಿ. ಈಗ. ನಾಳೆ ಆ ಕುರ್ಚಿ ಮ್ಯಾಲೆ ನೀವು ಕೂಡಬಾರದು."

ರಾಜಗೋಪಾಲರು ಬೇಡವೆನ್ನಲಿಲ್ಲ. ನಂಬರ್ ಒತ್ತಿ, ಆ ಕಡೆಯ ಹಲೋಗೆ ಕಾಯದೆ, ತೆರೆಯ ಮೇಲೆ ಸೆಕೆಂಡುಗಳು ಓಡತೊಡಗಿದ್ದನ್ನು ನೋಡಿಕೊಂಡು ಮಾತು ಶುರುಮಾಡಿದರು. ನನ್ನ ಕಿವಿ ಹೋಗಿದೆ, ಬೇರೆಯವರನ್ನು ಕೂರಿಸಿ ಎಂದರು. ಹೋದ ವರ್ಷ ಪದ್ಮಿನಿಯ ಆಂಟೆನಾದ ತಪ್ಪಿರಲಿಲ್ಲ, ನನಗೆ ಗೊತ್ತಿದ್ದೂ ಹೇಳಲಿಲ್ಲ ಎಂದರು. ಹೇಳಿ ಮುಗಿಸಿ ಫೋನನ್ನು ಅವಳ ಕಡೆ ಚಾಚಿದರು.

ಪದ್ಮಿನಿ ಕಿವಿಗಿಟ್ಟುಕೊಂಡಳು. ಆ ಕಡೆಯಿಂದ ಋಷಿಕೇಶ್ ಒಂದೇ ಒಂದು ಪ್ರಶ್ನೆ ಕೇಳಿದ.

"ಏನಂದ?" ಎಂದರು ರಾಜಗೋಪಾಲರು. "ಬೈದನಾ?"

ಬೈಯಲಿಲ್ಲ, ಆಗಲಿ ಅಂದ್ರು ಎಂದುಬಿಡಬಹುದಿತ್ತು. ಅವರು ನಂಬುತ್ತಿದ್ದರು. ಪದ್ಮಿನಿ ಅವರ ಎದುರಿಗೆ ಬಗ್ಗಿ, ತುಟಿ ಕಾಣುವ ಹಾಗೆ, ನಿಧಾನವಾಗಿ ಹೇಳಿದಳು.

"ಆವತ್ತ ನೀವು ಹೇಳಿದ್ರ ಆ ಮನಷ್ಯಾನ ಕಾಲು ಉಳೀತಿತ್ತೇನು ಅಂತ ಕೇಳ್ತಾರ್ರೀ ಸರ್."