ಕುಂಕುಮದ ಹಿಂದಿನ ತಾರೀಖು

ಕುಂಕುಮ ಒಣಗಿ ಬಿರುಕು ಬಿಟ್ಟಿದೆ, ಮಾನಿಟರಿನ ಬಲಗಡೆ ಕೆಳಮೂಲೆಯಲ್ಲಿ, ಗಂಟೆ ತಾರೀಖು ತೋರಿಸುವ ಜಾಗದ ಮೇಲೇ ಸರಿಯಾಗಿ ಹೆಬ್ಬೆಟ್ಟಿನಗಲ ಮೆತ್ತಿದ್ದಾನೆ ಮಹಾನುಭಾವ, ಅದರ ಅಂಚು ಹಿಡಿದು ಒಂದು ಇರುವೆ ಹತ್ತುತ್ತಿದೆ, ಆಯುಧಪೂಜೆ ಮುಗಿದು ಐದು ದಿನವಾಯ್ತು, ಕೀಬೋರ್ಡಿನ ಸಂದಿಯಲ್ಲಿ ಇನ್ನೂ ಕಡ್ಲೆಪುರಿ, ಇರುವೆಗಳಿಗೆ ದಿನಾ ಹಬ್ಬ — ಸೈನ್ ಹಾಕಮ್ಮ ಶೈಲಜಮ್ಮ, ಅದೇನ್ ಅಷ್ಟೊತ್ತು ಓದ್ತೀಯ, ರಾಮಾಯಣನಾ ಅದು, ಎರಡು ಪ್ಯಾರ — ಎದುರಿನ ಕುರ್ಚಿಯಲ್ಲಿ ಉದಯಕುಮಾರ್, ಚಿಂತಾಮಣಿಯ ಈ ಕಂಪ್ಯೂಟರ್ ಸೆಂಟರಿನ ಯಜಮಾನ, ಕಾಲು ಅಲ್ಲಾಡಿಸುತ್ತಾ, ಕೈಯಲ್ಲಿ ಸೆಂಟರಿನ ಸೀಲು ಹಿಡಿದು, ಆ ಅಲ್ಲಾಡುವ ಕಾಲು ಕಂಡರೆ ಶೈಲಜಾಗೆ ನಾಲ್ಕು ವರ್ಷದಿಂದ ಮೈ ಉರಿಯುತ್ತೆ, ಇವತ್ತಂತೂ ಅದನ್ನ ಕುರ್ಚಿಗೆ ಹಗ್ಗ ಹಾಕಿ ಬಿಗಿಯಬೇಕು ಅನ್ನಿಸುತ್ತಿದೆ. ಕಾಗದದಲ್ಲಿ ಇರುವುದು ಇಷ್ಟು, ಶೈಲಜಾ ಎಂಬ ನಾನು ರಜೆಗೆ ಹೋಗುವ ಮುನ್ನ ಸರ್ವರಿನ ಕೋಡನ್ನು ಅಜಾಗರೂಕತೆಯಿಂದ ಬದಲಾಯಿಸಿದ ಕಾರಣ ಮೂವತ್ತೊಂದು ಅರ್ಜಿಗಳು ಸರಿಯಾಗಿ ತಲುಪಿರುವುದಿಲ್ಲ, ಇದಕ್ಕೆ ನಾನೇ ಹೊಣೆ. ನಾನೇ ಹೊಣೆಯಂತೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಗೋಡೆಯ ಗಡಿಯಾರದಲ್ಲಿ ನಾಲ್ಕೂ ಕಾಲು, ಐದರೊಳಗೆ ಈ ಕಾಗದ ಬೆಂಗಳೂರಿನಲ್ಲಿರಬೇಕು, ಹೊರಗೆ ಬೆಂಚಿನ ಮೇಲೆ ಚಿಕ್ಕವೆಂಕಟಮ್ಮತ್ತೆ ಕೂತಿದ್ದಾಳೆ, ಕೆಂಚಾರ್ಲಹಳ್ಳಿಯಿಂದ ಸುದ್ದಿ ಕೇಳಿದ ಕೂಡಲೇ ಸಿಕ್ಕ ಬಸ್ಸಿಗೆ ಬಂದವಳು, ಮಗಳ ಅರ್ಜಿಯ ರಸೀದಿಯನ್ನ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆಳಗಿಂದ ಒಂದು ಲೋಟ ಕಾಫಿ ಬಿಟ್ಟರೆ ಏನೂ ಮುಟ್ಟಿಲ್ಲ.

ಅತ್ತೆ ಅಂದರೆ ರಕ್ತಸಂಬಂಧವಲ್ಲ, ಊರಲ್ಲಿ ಎದುರುಮನೆ, ಬಂದವಳೇ ಶುರುಮಾಡಿದ್ದಳು, ರೇಷ್ಮೆ ಹುಳ ಹಣ್ಣಾಗವೆ ಕಣೇ ಶೈಲೂ, ಗೂಡು ಕಟ್ಟಕ್ಕೆ ಚಂದ್ರಿಕೆಗೆ ಬಿಡೋ ದಿನವೇ ಎಲ್ಲಾ ಹಂಗೇ ಬಿಟ್ಟು ಬಂದಿವ್ನಿ, ಪ್ರಿಯಾಂಕಂದು ಹೋಗಿಲ್ವಂತಲ್ಲ, ರಸೀದಿ ಕೊಟ್ಟವ್ರೆ ನೋಡು, ನಂಗೆ ಓದಕ್ಕೆ ಬರಲ್ಲ, ಏನು ಬರ್ದದೆ ಹೇಳು — ನಿಮ್ಮ ಅರ್ಜಿ ಸಲ್ಲಿಕೆಯಾಗಿದೆ ಅಂತ ಬರ್ದಿದೆ ಅತ್ತೆ — ಅಂದಾಗ ಆ ಮುಖ ಅರಳಿಬಿಟ್ಟಿತಲ್ಲ, ಅದನ್ನ ನೋಡೋಕಾಗದೆ ಶೈಲಜಾ ಒಳಗೆ ಬಂದುಬಿಟ್ಟಿದ್ದಳು, ಸುಳ್ಳು ರಸೀದಿ, ಇವನ ಪ್ರಿಂಟರಿನ ಬಾಯಿಂದ ಬಂದ ಹಸೀ ಸುಳ್ಳು. ಪ್ರಿಯಾಂಕ ಎರಡು ವರ್ಷದಿಂದ ಬಸ್‌ಸ್ಟ್ಯಾಂಡ್ ಹತ್ತಿರದ ಕ್ಲಿನಿಕ್ಕಿನಲ್ಲಿ ನೆಲ ಒರೆಸುತ್ತಾಳೆ, ಒರೆಸುತ್ತಲೇ ಬ್ಯಾಂಡೇಜು ಸುತ್ತುವುದು ಕಲಿತಳು, ಬಿಪಿ ನೋಡುವುದು ಕಲಿತಳು, ಅಕ್ಕಾ, ಬೆಂಗಳೂರಿನ ಟ್ರಸ್ಟಿನವರು ನರ್ಸಿಂಗ್ ಸೀಟು ಕೊಡ್ತಾರಂತೆ, ಹಾಸ್ಟೆಲ್ಲೂ ಸೇರಿ, ಹಾಕ್ಲಾ ಅಂತ ಅವಳು ಕೇಳಿದಾಗ ಹಾಕು, ಕಣ್ಮುಚ್ಚಿಕೊಂಡು ಹಾಕು, ನಮ್ಮ ಸೆಂಟರಿಂದಲೇ ಹೋಗುತ್ತೆ, ಕೋಡು ಬರೆದವಳೇ ನಾನು ಅಂದಿದ್ದು ಈ ಬಾಯೇ, ಜಂಬದ ಬಾಯಿ. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತೆ. ಈ ಸಲ ಸೀಟು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಆ ಕ್ಲಿನಿಕ್ಕಿನ ನೆಲವೇ ಗತಿ.

ಕೋಡು, ಹೌದು, ಸಾಲು ಸಾಲೂ ಅವಳದೇ, ಬೇಸಿಗೆ ರಜೆಯೆಲ್ಲಾ ಕೂತು ಬರೆದದ್ದು, ಆ ಅರ್ಜಿಗಳಲ್ಲಿ ಜಾತಿ, ಆದಾಯ, ಫೋನ್ ನಂಬರು, ಹುಡುಗಿಗೆ ಏನೇನು ಕಾಯಿಲೆ ಎಲ್ಲಾ ಇರುತ್ತೆ, ದಾರಿಯಲ್ಲಿ ಒಬ್ಬ ಪೋಲಿ ಓದಿದರೂ ಆಯ್ತು ಕಥೆ, ಅದಕ್ಕೇ ಅಕ್ಷರ ಅಕ್ಷರಕ್ಕೂ ಬೀಗ ಹಾಕಿ ಕಳಿಸುವುದು, ಬೀಗ ಹಾಕುವ ಮೊದಲು ಆ ಕಡೆಯ ಸರ್ವರು ತನ್ನ ಸರ್ಟಿಫಿಕೇಟು ತೋರಿಸಬೇಕು, ಟ್ರಸ್ಟಿನವನು ನಾನೇ, ಈ ತಾರೀಖಿಂದ ಈ ತಾರೀಖಿನವರೆಗೆ ಚಾಲ್ತಿ ಅಂತ, ಎಲ್ಲಾ ಸರಿಯಿದ್ದರೆ ಅರ್ಜಿ ಹೊರಡಬೇಕು, ಇಲ್ಲದಿದ್ದರೆ ಇಲ್ಲೇ ನಿಲ್ಲಬೇಕು, ಅಲ್ಲಿಂದ ತಲುಪಿತು ಅಂತ ನಂಬರು ವಾಪಸ್ ಬಂದ ಮೇಲೇ ರಸೀದಿ — ಹೆಣ್ಣು ನೋಡಲು ಬಂದವರನ್ನೇ ಯಾವೂರು, ಯಾರ ಕಡೆಯವರು ಅಂತ ಕೇಳದೆ ನಡುಮನೆಗೆ ಬಿಟ್ಟುಕೊಳ್ಳಲ್ಲ ನಮ್ಮೋರು, ಮೂವತ್ತೊಂದು ಹೆಣ್ಮಕ್ಕಳ ಗುಟ್ಟು ಬಿಡ್ತಾರಾ. ಆಷಾಢದಲ್ಲೇ ಹೇಳಿದ್ದಳು ಇವನಿಗೆ, ಸರ್, ಸರ್ವರಿನ ಒಳಗೆ ಒಂದು ಬಿಲ್ಲೆಯಂಥ ಸೆಲ್ಲಿದೆ, ಸತ್ತಿದೆ, ಕರೆಂಟು ಪೂರ್ತಿ ತಪ್ಪಿದರೆ ಮೆಷಿನ್ನಿಗೆ ಇವತ್ತು ಯಾವ ದಿನ ಅನ್ನೋದೇ ಮರೆತುಹೋಗುತ್ತೆ, ಯುಪಿಎಸ್ ಇರೋದಕ್ಕೆ ನಡೀತಿದೆ, ಹೊಸದು ಹಾಕ್ಸಿ. ಹಾಕ್ಸಣ ಹಾಕ್ಸಣ. ಹಾಕಿಸಿದನಾ? ಬೂದುಗುಂಬಳ ತಂದ, ಬಾಳೆಕಂದು ತಂದ, ಸೇವಂತಿಗೆ ಮಾರುಮಾರು ತಂದ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ, ಅವರಮ್ಮ ಓಬಳಮ್ಮ ಮೂಲೆಯಲ್ಲಿ ಕೂತು ಪೂಜೆಗಿಟ್ಟ ಆಯುಧ ಓಡಬಾರದಪ್ಪ, ಆರಿಸು ಅಂದರು, ಮುದುಕಿಯನ್ನ ಬೈಯಲಾರಳು ಶೈಲಜಾ, ಅವಳ ಮನೆಯಲ್ಲೂ ಆ ದಿನ ಕುಡುಗೋಲು ಮುಟ್ಟಲ್ಲ, ನೇಗಿಲು ಮುಟ್ಟಲ್ಲ, ಆದರೆ ಸರ್, ಸರ್ವರೊಂದನ್ನ ಬಿಟ್ಟುಬಿಡಿ, ಆರಿಸಬೇಡಿ ಅಂತ ಎಲ್ಲರೆದುರು ಹೇಳಿದಳಲ್ಲ, ದೇವರಿಗಿಂತ ದೊಡ್ಡದೇನಮ್ಮ ನಿನ್ನ ಸರ್ವರು ಅಂತ ನಕ್ಕ, ಎಲ್ಲರೂ ನಕ್ಕರು, ಯುಪಿಎಸ್ಸಿನ ವೈರು ಕಿತ್ತ, ಯುಪಿಎಸ್ಸನ್ನ ದೇವರ ಪಟದ ಮುಂದಿಟ್ಟು ವಿಭೂತಿ ಬಳಿದ, ಅದು ಇವತ್ತಿಗೂ ಅಲ್ಲೇ ಇದೆ, ಸರ್ವರಿನ ಮಾನಿಟರಿನ ಮೂಲೆಗೆ ಕುಂಕುಮ ಒತ್ತಿದ, ಬೇರೆಲ್ಲೂ ಜಾಗ ಸಿಗಲಿಲ್ಲ ನೋಡು ಅವನ ಹೆಬ್ಬೆಟ್ಟಿಗೆ.

ಎರಡು ದಿನ ಮೆಷಿನ್ನು ಮಲಗಿತು, ಶುಕ್ರವಾರ ಬೆಳಗ್ಗೆ ಎಬ್ಬಿಸಿದ, ಅರ್ಜಿ ಹಾಕಲು ಅದೇ ಕೊನೇ ದಿನ, ತಾರೀಖು ತಪ್ಪಿದೆ, ಸರಿಮಾಡಿ, ಇಲ್ಲಾ ಮುಂದುವರಿಯೋಕೆ ಎಫ್ ಒಂದು ಒತ್ತಿ ಅಂತ ಕೇಳಿರುತ್ತೆ ಪಾಪ, ಒತ್ತಿರುತ್ತಾನೆ, ಓದಿರಲ್ಲ, ಓದುವ ಜಾತಿಯಲ್ಲ ಇವನು. ಎರಡು ಸಾವಿರದ ಎಂಟನೇ ಇಸವಿ ಅಕ್ಟೋಬರಿನಲ್ಲಿ ಕಣ್ಣುಬಿಟ್ಟ ಮೆಷಿನ್ನು ತಾನು ಎರಡು ಸಾವಿರದ ಎರಡರ ಜನವರಿ ಒಂದರಲ್ಲಿದ್ದೀನಿ ಅಂದುಕೊಂಡಿತು, ಟ್ರಸ್ಟಿನ ಸರ್ಟಿಫಿಕೇಟು ಈ ವರ್ಷದ್ದು, ಇದು ಇನ್ನೂ ಹುಟ್ಟೇ ಇಲ್ಲ, ನಂಬಲ್ಲ, ಕಳಿಸಲ್ಲ ಅಂತ ಕೋಡು ಹಟ ಹಿಡಿದು ನಿಂತಿತು, ಅವಳು ಬರೆದ ಹಾಗೇ, ಮಾನವಾಗಿ ನಿಂತಿತು. ಹನ್ನೆರಡಕ್ಕೆ, ಹಬ್ಬದ ರಜೆಗೆ ಊರಿಗೆ ಹೋಗಿದ್ದ ಅವಳಿಗೆ ಫೋನು, ಏನಮ್ಮಾ, ನಿನ್ನ ಕೋಡು ಕೆಟ್ಟು ಕೂತಿದೆ, ಸರ್ಟಿಫಿಕೇಟು ಇನ್ನೂ ಚಾಲ್ತಿಗೆ ಬಂದಿಲ್ಲ ಅಂತದೆ, ಹೊರಗೆ ಕ್ಯೂ ನಿಂತದೆ — ಸರ್, ಮೂಲೇಲಿ ತಾರೀಖು ನೋಡಿ — ತಾರೀಖಿಗೂ ಅರ್ಜಿಗೂ ಏನ್ ಸಂಬಂಧ, ಕಥೆ ಹೊಡೀಬೇಡ — ಆ ಕುಂಕುಮ ಒರೆಸಿ ನೋಡಿ ಸರ್ — ಪೂಜೆ ಕುಂಕುಮ ಒರೆಸ್ತಾರೇನೇ, ಬುದ್ಧಿ ನೆಟ್ಟಗಿದೆಯಾ ನಿಂಗೆ — ಇಟ್ಟ ಫೋನು. ಆಗಲೇ ಬಸ್ಸು ಹತ್ತಬೇಕಿತ್ತು, ಹತ್ತಲಿಲ್ಲ, ಹಾಳಾಗಿ ಹೋಗಲಿ, ಸಂಜೆ ತನಕ ಒದ್ದಾಡಲಿ, ಆಮೇಲೆ ತಾನೇ ಒರೆಸಿ ನೋಡ್ತಾನೆ ಅಂತ ಹಟಕ್ಕೆ ಕೂತಳು, ಒಬ್ಬಟ್ಟು ತಟ್ಟುತ್ತಾ ಕೂತಳು, ಅಮ್ಮ ಸುಡ್ತಾ ಇದೆ ಕಣೇ, ಎಲ್ಲಿದೆ ಗ್ಯಾನ ಅಂದರು, ಅದು ನೆನೆದರೆ ಈಗ ಅವಳಿಗೆ ತನ್ನ ಮೇಲೂ ಅಷ್ಟೇ ಕೋಪ. ಅವನು ಒರೆಸಲಿಲ್ಲ. ಇಂಟರ್‌ನೆಟ್ಟಿನಲ್ಲಿ ಯಾವನೋ ಹೇಳಿದ ಅಂತ ಅವಳ ಕೋಡು ತೆರೆದು, ಸರ್ಟಿಫಿಕೇಟು ಪರೀಕ್ಷಿಸುವ ಸಾಲನ್ನ ಕಿತ್ತ, ಆ ಕಡೆಯ ಉತ್ತರ ಓದುವ ಸಾಲುಗಳನ್ನೂ ಕಿತ್ತ, ಅಡ್ಡ ಬರೋದೆಲ್ಲಾ ಕಿತ್ತ, ಗೇಟು ಮುರಿದು ಹಾಕಿ ನೋಡ್ರಿ ಹೆಂಗೆ ಓಡ್ತದೆ ಗಾಡಿ ಅಂದನಂತೆ ಎದೆಯುಬ್ಬಿಸಿ. ಅರ್ಜಿಗಳು ಹೋದವು, ಒಂದೊಂದರ ಹಣೆಯ ಮೇಲೂ ಜನವರಿ ಒಂದು ಎರಡು ಸಾವಿರದ ಎರಡು ಅಂತ ಬರೆಸಿಕೊಂಡು ಹೋದವು, ಈ ಅವಧಿಯ ಅರ್ಜಿಯಲ್ಲ, ತಗೊಳ್ಳಲ್ಲ ಅಂತ ಅಲ್ಲಿಂದ ಮೂವತ್ತೊಂದು ಸಲ ಉತ್ತರ ಬಂತು, ಓದುವವರು ಯಾರು, ಇಲ್ಲಿ ಮೂವತ್ತೊಂದು ರಸೀದಿ ಬಿಸಿಬಿಸಿಯಾಗಿ ಬಂದವು.

ಐದು ಗಂಟೆ ಕಣಮ್ಮ, ಆಮೇಲೆ ನನ್ನ ಕೇಳಬೇಡ ಅಂತಿದ್ದಾನೆ ಉದಯಕುಮಾರ್, ಕಾಲು ಅಲ್ಲಾಡುತ್ತಲೇ ಇದೆ. ಬೆಳಗ್ಗೆ ಟ್ರಸ್ಟಿನ ಆಫೀಸಿನ ವೆಂಕಟರವಣಪ್ಪನವರ ಫೋನು ಎತ್ತಿದ್ದು ಅವಳೇ, ಒಳ್ಳೇ ಮನುಷ್ಯ, ಕೋಲಾರದ ಕಡೆ ಮಾತು, ಏನಮ್ಮಾ ಇದು ವಿಚಿತ್ರ, ಮೂವತ್ತೊಂದೂ ಎರಡು ಸಾವಿರದ ಎರಡು ಜನವರಿ ಒಂದು ಅಂತ ಬಂದವೆ, ನಮ್ಮ ಮೆಷಿನ್ನು ಒಂದನ್ನೂ ತಗೊಂಡಿಲ್ಲ, ಬಡವರ ಮಕ್ಳು ಕಣಮ್ಮ, ಯಾಕೆ ಹಿಂಗಾಯ್ತು ಅಂತ ಕಾರಣ ಬರೆದು, ಸಹಿ ಹಾಕಿ, ಸೆಂಟರಿನ ಸೀಲು ಒತ್ತಿ ಐದರೊಳಗೆ ಫ್ಯಾಕ್ಸ್ ಮಾಡಿ, ನಾನು ಕೈಯಾರೆ ಸೇರಿಸ್ಕೋತೀನಿ. ಅಷ್ಟೇ ಇತ್ತು ಕೆಲಸ. ಇದ್ದದ್ದು ಇದ್ದ ಹಾಗೆ ಬರೆಯಣ ಸರ್ ಅಂದಳು. ಇದ್ದದ್ದು ಇದ್ದ ಹಾಗೆ ಬರೆದರೆ ಸೆಂಟರಿನ ಮರ್ಯಾದೆ ಏನಾಗಬೇಕು, ನಿನ್ನ ಹೆಸರಲ್ಲಾದರೆ ಸೀಲು ಬೀಳ್ತದೆ, ಇಲ್ಲಾ ಅಂದ್ರೆ ಇಲ್ಲ, ಆಚೆ ನಿಮ್ಮೂರಿನ ಅಮ್ಮ ಕೂತವ್ರಲ್ಲ, ನೀನೇ ಹೋಗಿ ಹೇಳು, ಸರ್ವರ್ ಮಾತ್ರ ಮುಟ್ಟಬೇಡ, ಮುಟ್ಟಿದ್ದು ಸಾಕು. ಹೀಗೂ ಇರ್ತಾರಾ ಜನ! ಮುಂದಿನ ವಾರ ಮುದ್ದೇನಹಳ್ಳಿ ಕಡೆಯ ಕಾಲೇಜೊಂದರಲ್ಲಿ ಲ್ಯಾಬಿನ ಕೆಲಸಕ್ಕೆ ಇಂಟರ್‌ವ್ಯೂ ಇದೆ ಅವಳಿಗೆ, ಹಿಂದೆ ಎಲ್ಲಿ ಕೆಲಸ ಮಾಡಿದ್ದು ಅಂತ ಅವರು ಕೇಳ್ತಾರೆ, ಇಲ್ಲಿಗೇ ಫೋನು ಮಾಡ್ತಾರೆ, ಓ ಅವಳಾ, ತಪ್ಪೊಪ್ಪಿಗೆ ಬರೆದುಕೊಟ್ಟವಳೆ ನೋಡಿ, ಕಳಿಸ್ಲಾ ಅಂತಾನೆ, ಅನ್ನದೆ ಬಿಡ್ತಾನಾ. ತನ್ನ ಹೆಸರು ಕೊಟ್ಟು ಪ್ರಿಯಾಂಕನ ಸೀಟು ತರಬೇಕು, ಇಲ್ಲಾ ಹೆಸರು ಉಳಿಸಿಕೊಂಡು ಆ ಬೆಂಚಿನ ಹತ್ತಿರ ಹೋಗಿ ಅತ್ತೆ ಏಳಿ, ಮುಗೀತು ಅನ್ನಬೇಕು. ಪೆನ್ನಿನ ಮುಚ್ಚಳ ತೆಗೆಯುತ್ತಾಳೆ, ಮತ್ತೆ ಹಾಕುತ್ತಾಳೆ. ಇವತ್ತು ಹನ್ನೆರಡಕ್ಕೆ ಕರೆಂಟು ಹೋಗಿ ಒಂದಕ್ಕೆ ಬಂತು, ಆಮೇಲೆ ಇವನೇ ಅದೇ ಸರ್ವರಿನ ಮುಂದೆ ಕೂತು, ಪ್ರಿಂಟರಿರುವುದು ಅದಕ್ಕೊಂದಕ್ಕೇ, ಎರಡು ಬೆರಳಲ್ಲಿ ಕುಟ್ಟಿ ಕುಟ್ಟಿ ಈ ಕಾಗದ ಮಾಡಿದ, ಸೆಂಟರಿನ ಲೆಟರ್‌ಹೆಡ್ಡಿನಲ್ಲಿ, ಆ ಲೆಟರ್‌ಹೆಡ್ಡೂ ಅವಳೇ ಮಾಡಿಕೊಟ್ಟದ್ದು, ಪ್ರತೀ ಸಲ ತಾರೀಖು ಹಾಕುವುದು ಮರೆಯುತ್ತಾನೆ ಅಂತ ತಾರೀಖು ತಾನಾಗೇ ಬಂದು ಕೂರುವ ಹಾಗೆ — ತಾನಾಗೇ —

ಕಣ್ಣು ಮೇಲಕ್ಕೆ ಹೋಯ್ತು, ಇಷ್ಟು ಹೊತ್ತು ಹೊಣೆ ಹೊಣೆ ಅಂತ ಕೆಳಗೇ ಉರಿಯುತ್ತಿದ್ದ ಕಣ್ಣು, ಕಾಗದದ ಬಲಮೂಲೆಗೆ, ದಿನಾಂಕ, ಎರಡು ಚುಕ್ಕೆ, 01-01-2002. ಅಯ್ಯೋ ದೇವರೇ. ಕರೆಂಟು ಹೋಗಿಬಂದಾಗ ಯುಪಿಎಸ್ಸಿಲ್ಲದ ಮೆಷಿನ್ನು ಮತ್ತೆ ಅಲ್ಲಿಗೇ ಹೋಗಿ ನಿಂತಿದೆ. ಆ ದಿನ ಅವಳು ಗೌರಿಬಿದನೂರಿನಲ್ಲಿ ಚಿಕ್ಕಮ್ಮನ ಮನೆ ಬಾಗಿಲಲ್ಲಿ ಬಣ್ಣದ ಪುಡಿಯಲ್ಲಿ ಹ್ಯಾಪಿ ನ್ಯೂ ಇಯರ್ ಬರೆಯುತ್ತಿದ್ದಳು, ಸರ್ವರು ಅಂದರೆ ಹೋಟೆಲಿನಲ್ಲಿ ಬಡಿಸುವವನು ಅಂದುಕೊಂಡಿದ್ದ ಕಾಲ, ಆ ದಿನಕ್ಕೆ ಅವಳು ರಜೆಗೆ ಹೋಗುವ ಮುನ್ನ ಕೋಡು ಕೆಡಿಸಿದಳಂತೆ, ನಗು ಬರುತ್ತೆ, ನುಂಗುತ್ತಾಳೆ, ಹೇಳಿಬಿಟ್ಟರೆ ಇವನು ತಿದ್ದುತ್ತಾನೆ, ಹೊಸದು ಹಾಕುತ್ತಾನೆ. ಹೇಳಲ್ಲ. ವೆಂಕಟರವಣಪ್ಪನವರ ಮೇಜಿನ ಮೇಲೆ ಇದೇ ತಾರೀಖಿನ ಮೂವತ್ತೊಂದು ಅರ್ಜಿ ಕೂತಿವೆ, ಅವುಗಳ ಪಕ್ಕ ಇದು ಹೋಗಿ ಕೂರಲಿ, ಅವರು ಕೇಳಿದ್ದು ಕಾರಣ, ಸಹಿ, ಸೀಲು, ಕಾರಣ ಮೇಲೇ ಇದೆ, ಇವತ್ತಿನ ಕಾಗದಕ್ಕೂ ಅದೇ ತಾರೀಖು ಬಿದ್ದಿದೆ ಅಂದಮೇಲೆ ಕೆಟ್ಟಿರೋದು ಕೋಡಲ್ಲ, ಮೆಷಿನ್ನಿನ ಗಡಿಯಾರ. ಸಹಿ ಹಾಕಿದಳು, ದುಂಡಗೆ, ಪೂರ್ತಿ ಹೆಸರು. ಸರ್, ಒಂದ್ಸಲ ನೋಡ್ಕೊಂಡು ಸೀಲು ಹಾಕಿ — ಇದು ಅವನಿಗೆ ಕೊಟ್ಟ ಕೊನೇ ಅವಕಾಶ, ಅವಳ ಆತ್ಮಸಾಕ್ಷಿಗೆ ಅಷ್ಟು ಸಾಕು — ನಾನೇ ಟೈಪ್ ಮಾಡಿರೋದು, ನಂಗೇ ಹೇಳ್ಕೊಡ್ತೀಯಾ, ಬಂದುಬಿಟ್ಟಳು. ಧಬ್ ಅಂತ ಒತ್ತಿದ. ಕಾಲು ಅಲ್ಲಾಡುವುದು ನಿಂತಿತು. ಮಾಡಿದ್ದುಣ್ಣೋ ಮಹರಾಯ. ಅವನೇ ಎದ್ದು ಫ್ಯಾಕ್ಸಿಗೆ ಕೊಟ್ಟ, ತಲೆ ಕೆಳಗೆ ಮಾಡಿ, ಬೆಂಚಿನ ಮೇಲಿಂದ ಅತ್ತೆ ಕತ್ತು ಉದ್ದ ಮಾಡಿ ನೋಡುತ್ತಿದ್ದಾಳೆ, ಹೋಯ್ತೇನೇ ಶೈಲೂ, ಹೋಗ್ತಾ ಇದೆ ಅತ್ತೆ, ಹೋಗ್ತಾ ಇದೆ, ಕರ್ರೋ ಅಂತ ಮೆಷಿನ್ನು ಮೊದಲು ಮೇಲಿನ ಅಂಚನ್ನ ಕಚ್ಚಿಕೊಂಡಿತು, ದಿನಾಂಕ ಒಳಗೆ ಹೋಯ್ತು, ಅವಳು ಮಾನಿಟರಿನ ಕಡೆ ತಿರುಗಿದಳು, ಇರುವೆ ಕುಂಕುಮದ ತುದಿಗೆ ಬಂದು ನಿಂತಿದೆ, ಬಿರುಕಿನ ಹಿಂದೆ ಒಂದು, ಒಂದು, ಎರಡು ಸಾವಿರದ ಎರಡು.