ಸಭೆಗೆ ಜನ ಹತ್ತಿಸಿದ ಕಂಡಕ್ಟರು

ಐವತ್ತು ಮಂದಿ ಸೇರದಿದ್ದರೆ ವಾರ್ಡ್ ಸಭೆ ಸಭೆಯೇ ಅಲ್ಲವೆಂಬುದು ನಗರಸಭೆಯ ನಿಯಮ. ಮಾರುಕಟ್ಟೆಯ ಪಕ್ಕದ ಖಾಲಿ ಜಾಗದಲ್ಲಿ ಏನು ಕಟ್ಟಬೇಕೆಂದು ಜನರೇ ಕೈ ಎತ್ತಿ ತೀರ್ಮಾನಿಸಲಿ ಎಂದು ಎರಡು ಸಲ ಕರೆದರೂ ಖಾಲಿ ಕುರ್ಚಿಗಳೇ ಸಭೆ ನಡೆಸಿದ್ದವು. ಇದು ಕೊನೆಯ ಸಲ.

ಆ ಜಾಗದಲ್ಲಿ ಹೆಂಗಸರಿಗೊಂದು ಶೌಚಾಲಯ ಆಗಲೇಬೇಕೆಂದು ನಿವೃತ್ತ ಬಸ್ ಕಂಡಕ್ಟರು ಹಟ ತೊಟ್ಟಿದ್ದರು. ಅವರ ಹೆಂಡತಿ ಅದೇ ಮಾರುಕಟ್ಟೆಯಲ್ಲಿ ತರಕಾರಿ ಮಾರುತ್ತಿದ್ದವಳು. ಹೋಗಲು ಜಾಗವಿಲ್ಲವೆಂದು ಹಗಲೆಲ್ಲ ತೊಟ್ಟು ನೀರು ಕುಡಿಯದೆ ಕಾಲ ತಳ್ಳಿ, ಮೂತ್ರಪಿಂಡ ಕೆಟ್ಟು, ಹೋದ ವರ್ಷ ದೇವರ ಪಾದ ಸೇರಿದ್ದಳು.

ಕಂಡಕ್ಟರು ಸಭಾಭವನದ ಮೆಟ್ಟಿಲ ಮೇಲೆ ನಿಂತು ಹಳೆಯ ದನಿ ತೆಗೆದರು. "ಬನ್ನಿ, ಬನ್ನಿ, ಒಳಗೆ ಜಾಗ ಇದೆ. ಮುಂದೆ ಹೋಗಿ, ಮುಂದೆ ಹೋಗಿ."

"ಟಿಕೆಟ್ ಎಷ್ಟು ತಾತ?" ಒಬ್ಬ ಕಿಚಾಯಿಸಿದ.

"ನಿನ್ನ ಮುಖಕ್ಕೆ ಪುಕ್ಕಟೆ. ಮೆಟ್ಟಿಲು ಹತ್ತು."

ಟೀ ಅಂಗಡಿಯ ಬೆಂಚು ಖಾಲಿಯಾಯಿತು. ಕ್ಷೌರಿಕನಂತೂ ಅರ್ಧ ಗಡ್ಡ ಕೆರೆದಿದ್ದ ಗಿರಾಕಿಯನ್ನೂ ಎಳೆದುಕೊಂಡೇ ಬಂದ. ನಗರಸಭೆಯ ಅಧಿಕಾರಿಣಿ, ಇನ್ನೂ ಎಳೆ ವಯಸ್ಸಿನ ಹುಡುಗಿ, ತಲೆ ಎಣಿಸಿದಳು, ಮುಖ ಅರಳಿತು. ಐವತ್ತು ದಾಟಿತ್ತು.

ಕ್ಷೌರಿಕನೇ ಮೊದಲು ಎದ್ದ. "ಬೈಕ್ ನಿಲ್ಲಿಸೋಕೆ ಎಲ್ಲೂ ಜಾಗ ಇಲ್ಲ ಮೇಡಂ. ಅಲ್ಲಿ ಪಾರ್ಕಿಂಗ್ ಮಾಡಿ."

"ಹೌದು, ಹೌದು," ಎಂದಿತು ಇಡೀ ಸಭೆ.

ಕಂಡಕ್ಟರು ತಿರುಗಿ ನೋಡಿದರೆ ಎಲ್ಲ ಗಂಡಸರೇ. ತಲೆ ಸೇರಿಸುವ ಭರದಲ್ಲಿ ಅವು ಯಾರ ತಲೆಗಳೆಂದು ಅವರು ನೋಡಿರಲಿಲ್ಲ.

"ಮಗಳೇ, ಈಗಲೇ ಕೈ ಎತ್ತಿಸಬೇಡ," ಎಂದವರೇ ಮಾರುಕಟ್ಟೆಗೆ ಓಡಿದರು. ಹೆಂಡತಿಯ ಪಕ್ಕದಲ್ಲಿ ಕೂರುತ್ತಿದ್ದ ಈರುಳ್ಳಿಯವಳನ್ನು ಕರೆದರು.

"ನಾನು ಬಂದ್ರೆ ಅಂಗಡಿ ಯಾರು ನೋಡ್ತಾರಣ್ಣ? ನಿಮ್ಮ ಸಭೆ ಬಂದು ನೋಡ್ಕೊಳ್ಳುತ್ತಾ?"

ಕಂಡಕ್ಟರು, "ನೋಡ್ಕೊಳ್ಳುತ್ತೆ," ಎಂದು ಸಭಾಭವನಕ್ಕೆ ಮರಳಿ ಓಡಿದರು.

"ಯಾರ ಮನೆ ಹೆಂಗಸರು ಮಾರುಕಟ್ಟೆಯಲ್ಲಿ ಕೂತಿದ್ದಾರೋ ಅವರೆಲ್ಲ ಇಳಿಯಿರಿ. ಹೋಗಿ ಅಂಗಡಿ ನೋಡಿ, ಅವರನ್ನ ಇಲ್ಲಿಗೆ ಕಳಿಸಿ."

"ಹತ್ತಿಸಿದ್ದೂ ನೀವೇ, ಇಳಿಸೋದೂ ನೀವೇನಾ?" ಎಂದ ಕ್ಷೌರಿಕ.

"ನಿನ್ನ ಹೆಂಡತಿ ಬೆಳಗ್ಗಿಂದ ಸೊಪ್ಪು ಮಾರ್ತಾ ಕೂತಿದ್ದಾಳಲ್ಲ, ನಡುವೆ ಎಲ್ಲಿಗೆ ಹೋಗ್ತಾಳೆ ಅಂತ ಯಾವತ್ತಾದ್ರೂ ಕೇಳಿದ್ದೀಯಾ?"

ಕ್ಷೌರಿಕ ಹೆಗಲ ಮೇಲಿನ ಟವೆಲನ್ನು ಅರ್ಧ ಗಡ್ಡದವನ ಕೈಗಿತ್ತು ಎದ್ದು ನಡೆದ. ಅವನ ಹಿಂದೆ ಒಬ್ಬೊಬ್ಬರಾಗಿ ಎದ್ದರು. ಅಧಿಕಾರಿಣಿ ನಗು ತಡೆದುಕೊಂಡು, "ಅರ್ಧ ಗಂಟೆ ಬಿಡುವು," ಎಂದಳು.

ಹೆಂಗಸರು ಕೈ ಒರೆಸಿಕೊಳ್ಳುತ್ತ ದಂಡುದಂಡಾಗಿ ಒಳನುಗ್ಗಿದರು. ಕಂಡಕ್ಟರು ಮಾರುಕಟ್ಟೆಗೆ ಹೋಗಿ ಈರುಳ್ಳಿಯವಳ ಜಾಗದಲ್ಲಿ ಕುಳಿತರು. ಕಣ್ಣು ತಕ್ಕಡಿಯ ಮೇಲೆ, ಕಿವಿ ಸಭೆಯ ಕಡೆ, ನಾಲಗೆಯ ಮೇಲೆ ದೇವರ ಹೆಸರು.

"ಕಿಲೋ ಎಷ್ಟು?" ಗಿರಾಕಿಯೊಬ್ಬರು ಕೇಳಿದರು.

"ನಂಗೊತ್ತಿಲ್ಲಮ್ಮ. ಸ್ವಲ್ಪ ಇರಿ, ಬರ್ತಾಳೆ."

ಸಭಾಭವನದೊಳಗೆ ಗದ್ದಲವೆದ್ದಿತು. ಈರುಳ್ಳಿಯವಳು ಏದುಸಿರು ಬಿಡುತ್ತ ಓಡಿ ಬಂದಳು. "ಆಯ್ತಣ್ಣ, ನಮ್ಮದೇ ಆಯ್ತು. ಬಾಗಿಲು ರಸ್ತೆ ಕಡೆ ಬೇಡ, ಬೀಗದ ಕೈ ನಮ್ಮ ಹತ್ರಾನೇ ಇರ್ಲಿ ಅಂದ್ವಿ. ಅದನ್ನೂ ಬರ್ಕೊಂಡ್ರು."

ಕಂಡಕ್ಟರು ಜಾಗ ಬಿಟ್ಟುಕೊಡಲು ಏಳಹೋದರು. ಕಣ್ಣು ತುಂಬಿ ಬಂದಿತ್ತು. ಅವಳು ಏಳಗೊಡಲಿಲ್ಲ. ಪಕ್ಕದಲ್ಲೇ ಕುಳಿತು ಗಿರಾಕಿಗೆ ಈರುಳ್ಳಿ ತೂಗಿದಳು; ಕಂಡಕ್ಟರು ಚೀಲ ಹಿಡಿದುಕೊಟ್ಟರು.