ಚಿತ್ರದೊಳಗಿನ ಅರಿವೆ

ಗುರುಬಸವ್ವ ಗಂಡನ ಧೋತರದ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಪರ್ರನೆ ಸೀಳಿದಳು. ಎರಡು ಧೋತರ, ನಾಲ್ಕು ಪಟ್ಟಿ. ಮನೆಯ ಸ್ವಂತ ಬಿಳುಪು ಇಷ್ಟೇ. ಉಳಿದದ್ದೆಲ್ಲ ಊರಿನದು, ಗಂಟು ಕಟ್ಟಿಸಿಕೊಂಡು ಮೂಲೆಯಲ್ಲಿ ಕೂತಿತ್ತು. ಅಂಗಳದಲ್ಲಿ ಅವಳ ಗಂಡ, ಅಗಸರ ಮಡಿವಾಳೆಪ್ಪನ ಹೆಣವನ್ನು ಗೋಡೆಗೆ ಒರಗಿಸಿ, ವಿಭೂತಿ ಹಚ್ಚಿ ಕೂಡಿಸಿದ್ದರು.

“ಇದೇನ ನಡಸೀಯವ್ವಾ?” ಎಂದರು ಊರಗೌಡ ರಾಮಲಿಂಗಪ್ಪ.

“ಹಾದಿಗೆ ನಡಿಮಡಿ ಹಾಸತೇನ್ರಿ.”

“ನಡಿಮಡಿ ದೇವರ ಪಾಲಕಿಗೆ, ಸ್ವಾಮಿಗೋಳಿಗೆ. ಅಗಸಗ ಯಾರರ ಹಾಸ್ಯಾರನ?”

“ನಲವತ್ತ ವರ್ಷ ಎಲ್ಲಾರಿಗೂ ಹಾಸಿದವ್ರು ಇವತ್ತ ಸುಮ್ಮನ ಕುಂತಾರ್ರಿ. ನಾ ಹಾಸತೇನಿ.”

“ಹೊಳಿತನಕ ನಾಕ ಪಟ್ಟಿ ಸಾಲೂದಿಲ್ಲಬೇ,” ಎಂದಳು ನೆರೆಮನೆಯ ರಾಯವ್ವ.

“ಹಿಂದಿಂದ ತಗದ ಮುಂದ ಹಾಸೂದು. ಅವ್ರೂ ಹಂಗ ಮಾಡತಿದ್ರು.”

ಗೌಡರು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು, ಅವರ ಬೆನ್ನಿಗೆ ಅರ್ಧ ಮಂದಿ. ರಾಯವ್ವನ ಗಂಡ ಯಮನಪ್ಪ ಮಾತ್ರ, “ನನ್ನ ಮದವ್ಯಾಗ ಹಾಸಿದಾಂವ ಇಂವ,” ಎಂದು ಹೆಗಲು ಕೊಟ್ಟ. ಮೂವರು ಕೂಡಿಕೊಂಡರು.

*

ಪ್ಲೇಗು ಹೋದ ಮರುವರ್ಷ ಮುನವಳ್ಳಿಯ ಸಾಲೆಗೆ ಹಾಲೆಂಡ್ ದೇಶದ ಹಳೆಯ ಚಿತ್ರವೊಂದರ ಅಚ್ಚಿನ ಪ್ರತಿ ಬಂದಿತ್ತು. ಮುಕ್ಕಾಲುಪಾಲು ಬರೀ ಆಕಾಶ. ಅದರ ಅಂಚಿಗೆ ಕಡಲೆಕಾಳಿನಷ್ಟು ಗುಡಿ, ಅವರ ಇಗರ್ಜಿ. ಈಚೆ ಬಯಲಿನಲ್ಲಿ ಉದ್ದುದ್ದ ಬಿಳಿ ಗೆರೆ. ನೀಲಕಂಠ ಮಾಸ್ತರರು ಆ ಗೆರೆಗಳನ್ನು ಹಿಮವೆಂದು ಹುಡುಗರಿಗೆ ಬರೆಸಿದ್ದರು. ಒಗೆದದ್ದು ಕೊಡಲು ಹೋದ ಮಡಿವಾಳೆಪ್ಪ ಬಾಯಿ ಹಾಕದೆ ಇರಲಿಲ್ಲ.

“ಹಿಮ ಅಲ್ರೀ, ಅರಿವಿ. ಹುಲ್ಲಿನ ಮ್ಯಾಲ ಬಿಸಲಿಗೆ ಹಾಕ್ಯಾರ. ಮ್ಯಾಲಿಂದ ಬಿದ್ದದ್ದು ಹಿಂಗ ಪಟ್ಟಿ ಪಟ್ಟಿ ಬೀಳತೈತೇನ್ರಿ?”

ಇಡೀ ವರ್ಗ ನಕ್ಕಿತ್ತು. ಮನೆಗೆ ಬಂದವನಿಗೆ ಆ ನಗೆಯ ಪರಿವೆಯೇ ಇರಲಿಲ್ಲ. “ಚಿತ್ರ ತಗದಾಂವ ಗುಡಿ ಸಣ್ಣದ ಮಾಡಿ ನಮ್ಮ ಅರಿವಿ ಮುಂದ ಹಾಸ್ಯಾನ, ಗುರುಬಸೀ! ಅದರಾಗ ನೀನೂ ಅದಿ.”

“ನಿಮಗ ಹುಚ್ಚ ಹಿಡದೈತಿ,” ಎಂದಿದ್ದಳು ಅವಳು.

*

ಹಾಸಿದಳು, ಎತ್ತಿದಳು, ಮುಂದೆ ಓಡಿ ಮತ್ತೆ ಹಾಸಿದಳು. ಅಳಲು ಬಿಡುವಿರಲಿಲ್ಲ. ಮಡಿವಾಳೆಪ್ಪ ಹೊಳೆದಂಡೆಯ ಕುಣಿಯವರೆಗೂ ಬಿಳುಪಿನ ಮೇಲೆಯೇ ಹೋದ.

ಮಣ್ಣು ಕೊಟ್ಟ ಮೇಲೆ ಮಂದಿ ಚದುರಿತು. ಅವಳು ಎರೆಮಣ್ಣು ಮೆತ್ತಿದ ಪಟ್ಟಿಗಳನ್ನು ಅದೇ ಹೊಳೆಯಲ್ಲಿ ಒಗೆದು ಹುಲ್ಲಿನ ಮೇಲೆ ಹರವತೊಡಗಿದಳು. ನೀಲಕಂಠ ಮಾಸ್ತರರು ದಂಡೆ ಇಳಿದು ಬಂದರು. ಕಂಕುಳಲ್ಲಿ ಆ ಚಿತ್ರವಿತ್ತು.

“ಅಂವ ಹೇಳಿದ್ದ ಖರೆ ಅದವ್ವಾ. ಪುಸ್ತಕ ತರಿಸಿ ಓದಿದೆ. ಅವನ ಮುಂದ ಒಪ್ಪಿಕೊಳ್ಳಲಿಕ್ಕೆ ನಾಚಿಕಿ ಬಂತು, ಇವತ್ತ ನಾಳೆ ಅಂತ ತಡಾ ಮಾಡಿದೆ.”

ಗುರುಬಸವ್ವ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ಅದರಾಗ ನಾ ಅದೇನಿ ಅಂತ ಹೇಳತಿದ್ರು. ಎಲ್ಲಿ ಅದೇನ್ರಿ ನಾ?”

ಮಾಸ್ತರರು ಬೆರಳಿಟ್ಟು ತೋರಿಸಿದರು. ಬಿಳಿ ಪಟ್ಟಿಯೊಂದರ ತುದಿಯಲ್ಲಿ ಇರುವೆಯಷ್ಟು ಸಣ್ಣ ಹೆಂಗಸು, ಬಗ್ಗಿದ್ದಳು. ಮುಖ ಕಾಣುತ್ತಿರಲಿಲ್ಲ.

ಗುರುಬಸವ್ವ ಚಿತ್ರವನ್ನು ಇಸಿದುಕೊಂಡು ನೋಡಿದಳು. ಆಮೇಲೆ ಚಿತ್ರ ಅವರ ಕೈಗೆ ಕೊಟ್ಟು, ಬಗ್ಗಿ, ನಾಲ್ಕನೆಯ ಪಟ್ಟಿಯ ಸುಕ್ಕು ಬಿಡಿಸಿದಳು. ದೂರದಲ್ಲಿ ಊರ ಗುಡಿ ಕಡಲೆಕಾಳಿನಷ್ಟು ಕಾಣುತ್ತಿತ್ತು.